ಚಿಲಕಕ್ಕೆ ನಿಂತ ಚುನಾವಣೆ

ಕಾಲೇಜಿಗೆ ಹೋದಷ್ಟು ದಿನವೂ ನಾನು ಬೆಳಗ್ಗೆ ನೀರು ಕುಡಿದು ಬಸ್ಸು ಹತ್ತಿದವಳಲ್ಲ. ಕಾಫಿ ಕೂಡ ಅರ್ಧ ಲೋಟ. ಅವ್ವ ತಟ್ಟೆಯ ಪಕ್ಕ ಇಟ್ಟ ಚೊಂಬನ್ನು ಮುಟ್ಟದೆ ಎದ್ದುಬಿಡುತ್ತಿದ್ದೆ. ಅಕ್ಕಿರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡರೆ ಉಗುಳು ನುಂಗಿ ಇಳಿಸುತ್ತಿದ್ದೆ. ನಾನೊಬ್ಬಳೇ ಅಲ್ಲ. ಬೆಳಗೋಡಿನ ಕಡೆಯಿಂದ ಬರುವವರು, ಪಾಳ್ಯದಿಂದ ಬರುವವರು, ನಮ್ಮ ಹೊಂಗಡಹಳ್ಳದ ಬಸ್ಸಿನವರು, ಎಲ್ಲ ಹುಡುಗಿಯರದೂ ಇದೇ ವ್ರತ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ‘ಊಟ ಆದಮೇಲೆ ಹೆಣ್ಣುಮಕ್ಕಳೆಲ್ಲ ತೂಕಡಿಸೋಕೆ ಶುರು’ ಎಂದು ಮೇಷ್ಟ್ರೊಬ್ಬರು ತಮಾಷೆ ಮಾಡುತ್ತಿದ್ದರು. ತೂಕಡಿಕೆಯಲ್ಲ ಸ್ವಾಮಿ, ಬಾಯಾರಿಕೆ. ಸಕಲೇಶಪುರದ ಆ ಕಾಲೇಜಿನಲ್ಲಿ ಹುಡುಗಿಯರಿಗೆಂದು ಇದ್ದದ್ದು ಒಂದೇ ಬಾತ್‌ರೂಮು. ಅದರ ಬಾಗಿಲಿಗೆ ಚಿಲಕ ಇರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು ಇದು. ಚಿಲಕ ಯಾವತ್ತೋ ಕಿತ್ತುಹೋಗಿ, ಅದಿದ್ದ ಜಾಗದಲ್ಲಿ ಸ್ಕ್ರೂ ತೂತುಗಳು ಮಾತ್ರ ಉಳಿದಿದ್ದವು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ನಿಂತು, ತನ್ನ ವೇಲನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಎಳೆದು ಹಿಡಿದುಕೊಳ್ಳಬೇಕು. ನೋಡುವವರಿಗೆ ಹಗ್ಗ ಕಟ್ಟಿದ ಎಮ್ಮೆ ಹಿಡಿದುಕೊಂಡು ನಿಂತ ಹಾಗೆ ಕಾಣುತ್ತಿತ್ತು. ನೋಡುವವರೂ ಇದ್ದರು, ಯಾಕೆಂದರೆ ಎದುರಿಗೇ ಹುಡುಗರು ಕ್ರಿಕೆಟ್ ಆಡುವ ಬಯಲು. ಕಟ್ಟಡ ಕಟ್ಟಿಸಿದ ಪುಣ್ಯಾತ್ಮನಿಗೆ ಬೇರೆ ದಿಕ್ಕೇ ಸಿಕ್ಕಿರಲಿಲ್ಲ.

‘ನೀವೇ ಒಂದು ಚಿಲಕ ತಂದು ಹಾಕಬಹುದಿತ್ತಲ್ಲ’ ಎಂದು ಮೊನ್ನೆ ನನ್ನ ಮಗಳು ಕೇಳಿದಳು. ಈಗಿನವರಿಗೆ ಹಾಗೆ ಅನ್ನಿಸುತ್ತದೆ. ಅಟೆಂಡರನ್ನು ಕೇಳಿದ್ದೆವು, ಮೇಲಿನಿಂದ ಆರ್ಡರ್ ಬೇಕು ಅಂದ. ನಾವೇ ಸುತ್ತಿಗೆ ಹಿಡಿದು ಆ ಬಾಗಿಲಿಗೆ ಬಡಿಯುವುದೆಂದರೆ, ಬಾಗಿಲ ಮುಂದೆ ನಿಂತು ಇಡೀ ಕಾಲೇಜನ್ನು ಕೂಗಿ ಕರೆದ ಹಾಗೆ. ನಾವು ಆ ಕಡೆ ಹೋಗುವುದಕ್ಕೇ ಪುಸ್ತಕ ಎದೆಗವಚಿಕೊಂಡು, ಲೈಬ್ರರಿಗೆ ಹೊರಟವರ ಹಾಗೆ ಮುಖ ಮಾಡಿಕೊಂಡು ಹೋಗುತ್ತಿದ್ದೆವು.

ಆ ಕಾಲೇಜಿನಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಹುಡುಗಿಯರು ಕ್ಲಾಸುಗಳ ನಡುವೆ ಎಲ್ಲೂ ನಿಲ್ಲುವ ಹಾಗಿರಲಿಲ್ಲ. ಬಂದ ಕೂಡಲೇ ಲೇಡೀಸ್ ರೂಮು ಸೇರಬೇಕು. ಗಂಟೆ ಹೊಡೆದು ಲೆಕ್ಚರರ್ ಸ್ಟಾಫ್ ರೂಮಿನಿಂದ ಹೊರಟು ನಮ್ಮ ಬಾಗಿಲ ಮುಂದೆ ಹಾದಾಗ, ಅವರ ಹಿಂದೆ ಸಾಲಾಗಿ ಹೊರಡಬೇಕು. ಪಾಠ ಮುಗಿದರೆ ಅವರಿಗಿಂತ ಮುಂಚೆ ನಾವು ಹೊರಗೆ. ಲೆಕ್ಚರರ್ ಬರದಿದ್ದರೆ ನಾವೂ ಇಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ. ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ಅದು ನಮಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಮುಂದೆ ಒಂದು ಬೆನ್ನು ಕಾಣದಿದ್ದರೆ ನಮ್ಮ ಕಾಲೇ ಏಳುತ್ತಿರಲಿಲ್ಲ.

ಅದೇ ಮೂರನೇ ವರ್ಷ ಶುರುವಾದಾಗ ಅದು ನಡೆದದ್ದು. ಬೆಳಗೋಡಿನ ಕಡೆಯ ಗೆಳತಿ ಒಳಗಿದ್ದಳು. ನಾನು ಹೊರಗೆ ವೇಲು ಹಿಡಿದು ನಿಂತಿದ್ದೆ. ಬಯಲಿನಿಂದ ಚೆಂಡು ನೇರ ನನ್ನ ಮುಖಕ್ಕೇ ಬಂತು. ಚೆಂಡು ಬಂದರೆ ಯಾರಾದರೂ ಪಕ್ಕಕ್ಕೆ ಹಾರುತ್ತಾರೆ, ನಾನೂ ಹಾರಿದೆ. ವೇಲು ಕಳಚಿತು. ಚೆಂಡು ಬಾಗಿಲಿಗೆ ಬಡಿದು ಬಾಗಿಲು ಪೂರಾ ತೆರೆದುಕೊಂಡಿತು.

‘ಸಾರಿ ಕಣ್ರೀ’ ಎಂದು ಯಾರೋ ಕೂಗಿದರು. ಆಮೇಲೆ ನಗು. ಅವರೇನು ಕೇಡಿಗರಲ್ಲ, ಬೇಕಂತಲೇ ಹೊಡೆದದ್ದೂ ಅಲ್ಲ. ಆದರೆ ಆ ನಗು ಅವತ್ತಿಗೆ ನಿಲ್ಲಲಿಲ್ಲ. ಅವಳು ವರಾಂಡದಲ್ಲಿ ಕಂಡಾಗಲೆಲ್ಲ ಒಬ್ಬ ಶಿಳ್ಳೆ ಹಾಕುವುದು, ಇನ್ನೊಬ್ಬ ಅಂಪೈರನ್ನು ಔಟ್ ಕೇಳುವವನ ಹಾಗೆ ‘ಹೌಸಾಟ್’ ಅನ್ನುವುದು. ಸ್ವಲ್ಪ ದಿನ ತಲೆ ತಗ್ಗಿಸಿಕೊಂಡು ಬಂದಳು. ಆಮೇಲೆ ಬರಲಿಲ್ಲ. ಮದುವೆ ಗೊತ್ತಾಯಿತಂತೆ ಎಂಬ ಸುದ್ದಿ ಬಸ್ಸಿನಲ್ಲಿ ಬಂತು. ನಮ್ಮೆಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ ಹುಡುಗಿ. ನನಗೆ ಮೈಯೆಲ್ಲ ಉರಿಯಿತು.

ನಾಲ್ಕು ಜನ ಸೇರಿ ಪ್ರಿನ್ಸಿಪಾಲರ ಹತ್ತಿರ ಹೋದೆವು. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಇಂಥದ್ದೆಲ್ಲ ವಿದ್ಯಾರ್ಥಿ ಸಂಘದ ಮೂಲಕ ಬರಬೇಕಮ್ಮ” ಅಂದರು. ಸಂಘದ ಹಳೆಯ ಪದಾಧಿಕಾರಿಗಳು, “ಮೊದ್ಲು ನಮ್ಮ ಕ್ರಿಕೆಟ್ ಮ್ಯಾಟು, ಆಮೇಲೆ ನಿಮ್ಮ ಬಾಗ್ಲು” ಅಂದರು. ಸರಿ, ಹಾಗಾದರೆ ಸಂಘಕ್ಕೇ ಹೋಗೋಣ ಎಂದು ನನಗನ್ನಿಸಿದ್ದು ಆಗಲೇ.

ದೊಡ್ಡ ಊರುಗಳಲ್ಲಿ ಗಲಾಟೆಯಾಗಿ ಕಾಲೇಜು ಚುನಾವಣೆಗಳು ನಿಂತುಹೋಗಿದ್ದವು ಅನ್ನುತ್ತಿದ್ದರು. ನಮ್ಮಲ್ಲಿ ಪಕ್ಷ, ಮೈಕು, ಮೆರವಣಿಗೆ ಯಾವುದೂ ಇಲ್ಲದೆ, ಚೀಟಿ ಹಾಕಿ ಅಧ್ಯಕ್ಷನನ್ನು ಆರಿಸುತ್ತಿದ್ದರು. ಅಧ್ಯಕ್ಷ ಅಂದರೆ ಹುಡುಗ. ಹುಡುಗಿಯರಿಗೆ ‘ಮಹಿಳಾ ಪ್ರತಿನಿಧಿ’ ಎಂಬ ಸ್ಥಾನವಿತ್ತು. ಕಾಲೇಜ್ ಡೇ ದಿನ ಅತಿಥಿಗಳಿಗೆ ಹೂಗುಚ್ಛ ಕೊಡುವುದು, ದೀಪದ ಹತ್ತಿರ ಬೆಂಕಿಪೊಟ್ಟಣ ಹಿಡಿದು ನಿಲ್ಲುವುದು ಅವಳ ಕೆಲಸ. ತಲೆ ಎಣಿಸಿದರೆ ನಾವೇ ಹುಡುಗರಿಗಿಂತ ತುಸು ಹೆಚ್ಚಿದ್ದೆವು. ಆದರೂ ಅಧ್ಯಕ್ಷ ಸ್ಥಾನಕ್ಕೆ ಒಬ್ಬ ಹುಡುಗಿ ನಿಂತದ್ದು ಯಾರಿಗೂ ನೆನಪಿರಲಿಲ್ಲ. ನಾನು ಹೆಸರು ಕೊಟ್ಟೆ. ನನ್ನ ಎದುರು ನಿಂತವನು ದೊಡ್ಡ ಎಸ್ಟೇಟಿನವರ ಮಗ. ಬೈಕಿನಲ್ಲಿ ಬರುತ್ತಿದ್ದ. ಆ ಬೈಕಿನ ಹಿಂದಿನ ಸೀಟಿನಲ್ಲಿ ದಿನಾ ಊರು ಸುತ್ತುತ್ತಿದ್ದವನು ನನ್ನ ಸ್ವಂತ ಅಣ್ಣ.

ಅಣ್ಣ ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ಒಂದು ಸಲ ಫೇಲಾಗಿ ನನ್ನ ಕ್ಲಾಸಿಗೇ ಬಂದು ಕೂತಿದ್ದ. ಬೆಳಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಕಾಲೇಜಿನ ಗೇಟು ದಾಟಿದ ಮೇಲೆ ಅವನಿಗೆ ನಾನು ಯಾರೋ. ತಂಗಿಯ ಜೊತೆ ಮಾತಾಡಿದರೆ ಸ್ನೇಹಿತರು ರೇಗಿಸುತ್ತಾರಂತೆ. ಸಂಜೆ ನಾನು ನಾಲ್ಕೂವರೆ ಬಸ್ಸಿಗೆ ಓಡಬೇಕು. ಅವನು ಆರು ಗಂಟೆಯದಕ್ಕೆ ಬಂದರೂ ಸರಿ, ಬರದೆ ಸ್ನೇಹಿತನ ಮನೆಯಲ್ಲಿ ಉಳಿದರೂ ಸರಿ. ಅವನು ಫೇಲಾದಾಗ ಮನೆಯಲ್ಲಿ ‘ಗಂಡು ಹುಡ್ಗ, ಮುಂದಿನ ಸಲ ಪಾಸಾಗ್ತಾನೆ ಬಿಡಿ’ ಅಂದರು. ನಾನು ಪಾಸಾದಾಗ ‘ಇನ್ನೆಷ್ಟು ವರ್ಷ ಐತೆ ಇವ್ಳಿಗೆ?’ ಎಂದು ಕೇಳಿದರು.

ಚುನಾವಣೆಯ ಸುದ್ದಿಯನ್ನು ಮನೆಗೆ ಮುಟ್ಟಿಸಿದ್ದೂ ಅವನೇ. ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಅಂದ: “ಇವ್ಳು ಎಲೆಕ್ಷನ್‌ಗೆ ನಿಂತವ್ಳೆ. ನನ್ನ ಫ್ರೆಂಡ್ ಎದುರಿಗೇ. ಕಾಲೇಜಿನಾಗೆ ನಾನು ಮುಖ ಎತ್ಕಂಡು ತಿರುಗೋ ಹಂಗಿಲ್ಲ.”

ಅಪ್ಪ ಕೈ ನಿಲ್ಲಿಸಿದರು. ಪಕ್ಕದಲ್ಲಿ ದೊಡ್ಡಪ್ಪ. ನಮ್ಮದು ಒಂದಷ್ಟು ಕಾಫಿ, ಒಂದಷ್ಟು ಗದ್ದೆ ಇದ್ದ ಸಾಧಾರಣ ಮನೆ. ಜಮೀನು ಇನ್ನೂ ಭಾಗ ಆಗಿರಲಿಲ್ಲ, ಮಾತು ನಡೆಯುತ್ತಿದ್ದದ್ದು ದೊಡ್ಡಪ್ಪನದು. ನಮ್ಮ ಮನೆಯಿಂದ ಡಿಗ್ರಿಗೆ ಹೋದ ಮೊದಲ ಹೆಣ್ಣು ನಾನು. ದೊಡ್ಡಪ್ಪ ಬೇಡ ಅಂದಿದ್ದರು. ಅಪ್ಪ ಅವರೆದುರು ನಿಂತು, “ನಾಲ್ಕೂವರೆ ಬಸ್ಸಿಗೆ ತಪ್ಪದೆ ಬರ್ತಾಳೆ ಅಣ್ಣಯ್ಯ. ಒಂದಿನ ತಪ್ಪಿದ್ರೂ ನಾನೇ ಬಿಡಿಸ್ತೀನಿ” ಎಂದು ಮಾತು ಕೊಟ್ಟು ಕಳಿಸಿದ್ದರು. ಬಸ್ಸು ಇಳಿಯುವ ತಿರುವಿನಿಂದ ಮನೆಗೆ ಎಸ್ಟೇಟಿನ ಒಳದಾರಿಯಲ್ಲಿ ಬಹಳ ದೂರ ನಡೆಯಬೇಕಿತ್ತು. ಆನೆಯ ಭಯವೂ ಇತ್ತು. ಆದರೆ ದೊಡ್ಡಪ್ಪ ಹೆದರುತ್ತಿದ್ದದ್ದು ಆನೆಗಲ್ಲ, ಜನರ ಬಾಯಿಗೆ.

“ಯಾಕೆ ಮಗ, ಎಲೆಕ್ಷನ್ನು ಗಿಲೆಕ್ಷನ್ನು?” ಎಂದು ಅಪ್ಪ ನನ್ನನ್ನು ಕೇಳಿದರು.

ಹೇಳಿಬಿಟ್ಟೆ. ಗಂಡಸರು ಉಣ್ಣುತ್ತಿದ್ದಾಗ, ಬಾತ್‌ರೂಮು, ಬಾಗಿಲು, ಚೆಂಡು, ಎಲ್ಲ. ದೊಡ್ಡಪ್ಪ ಕೆಮ್ಮಿದರು. ನನಗೆ ಸಿಟ್ಟು ಬಂದರೆ ಬಾಯಿ ನಿಲ್ಲುವುದಿಲ್ಲ, ಇವತ್ತಿಗೂ ನಿಲ್ಲುವುದಿಲ್ಲ. “ನಮ್ಮ ಸ್ಟೋರಿಗೆ ಎಂಥ ಚಿಲಕ ಐತೆ ನೋಡಿ. ಕಾಫಿ ಬೀಜಕ್ಕಿರೋ ಮರ್ಯಾದೆ ನಮಗಿಲ್ವಾ?” ಅಂದೆ.

ಕಾಫಿ ಮೂಟೆ ಇಡುವ ಆ ಸ್ಟೋರಿನ ಚಿಲಕ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಸ್ತು. ಭಾರದ ಕಬ್ಬಿಣದ್ದು. ಅದರ ಹಿಡಿ ಮುರಿದಾಗ ಅಪ್ಪ ವೆಲ್ಡಿಂಗ್ ಅಂಗಡಿಗೆ ಒಯ್ದು, ಹಿಡಿಯ ಬದಲು ಜೀಪಿನ ದೊಡ್ಡ ನಟ್ಟೊಂದನ್ನು ಬೆಸೆಸಿಕೊಂಡು ಬಂದಿದ್ದರು. ಚಿಕ್ಕವರಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತ ಅಣ್ಣ ಅದನ್ನು ಎಳೆದು ನನ್ನ ಬೆರಳು ಜಜ್ಜಿದ್ದ. ಬಲಗೈ ಉಂಗುರದ ಬೆರಳಿನ ಉಗುರು ಇವತ್ತಿಗೂ ಸೊಟ್ಟ.

ಅಡುಗೆಮನೆಯಿಂದ ಅವ್ವ, “ತೋಟದ ಹೆಂಗಸ್ರಿಗೆ ಗಿಡದ ಮರೆಯಾದ್ರೂ ಐತೆ. ಅಷ್ಟು ದೊಡ್ಡ ಕಾಲೇಜಿನಾಗೆ ಅದೂ ಇಲ್ವಾ?” ಅಂದಳು. ಗಂಡಸರ ಮಾತಿಗೆ ಅವ್ವ ಬಾಯಿ ಹಾಕಿದ್ದು ನಾನು ಕೇಳಿದ್ದು ಬಹಳ ಕಡಿಮೆ.

ಅಪ್ಪ ದೊಡ್ಡಪ್ಪನ ಮುಖ ನೋಡಿದರು, ಆಮೇಲೆ ನನ್ನನ್ನು. “ನಿಂತ್ಕ. ಬೇಡ ಅನ್ನಲ್ಲ. ಆದ್ರೆ ನಾಲ್ಕೂವರೆ ಬಸ್ಸು ತಪ್ಪೋ ಹಂಗಿಲ್ಲ. ತಪ್ಪಿದ್ರೆ ಕಾಲೇಜು ಅವತ್ತಿಗೇ ಮುಗೀತು. ನಾನು ಕೊಟ್ಟ ಮಾತು ಐತೆ.” ಅಣ್ಣ ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ.

ದಸರಾ ರಜೆಗೆ ಮುಂಚಿನ ಶುಕ್ರವಾರ ಚುನಾವಣೆ. ಹನ್ನೊಂದು ಗಂಟೆಗೆ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯಬೇಕಿತ್ತು. ಹನ್ನೊಂದಕ್ಕೆ ಸರಿಯಾಗಿ ಎಸ್ಟೇಟ್ ಹುಡುಗನ ಕಡೆಯವರು ತಕರಾರು ತೆಗೆದರು. ಚೀಟಿಗಳ ಮೇಲೆ ಕಾಲೇಜಿನ ಸೀಲು ಇಲ್ಲವಂತೆ. ಎಲ್ಲ ಚೀಟಿಗೂ ಸೀಲು ಒತ್ತಿಸಿ, ಮೂರು ಗಂಟೆಗೆ ಇಟ್ಟುಕೊಳ್ಳೋಣ ಎಂದು ಪ್ರಿನ್ಸಿಪಾಲರು ಒಪ್ಪಿಬಿಟ್ಟರು. ಮೂರು ಅಂದಾಗಲೇ ನಾನು ಬಸ್ಸಿನ ಲೆಕ್ಕ ಹಾಕಿದೆ. ಹುಡುಗಿಯರ ಬಸ್ಸುಗಳೆಲ್ಲ ನಾಲ್ಕೂಕಾಲರಿಂದ ನಾಲ್ಕೂಮುಕ್ಕಾಲರೊಳಗೆ ಹೊರಡುತ್ತವೆ. ನಾಲ್ಕಾಯಿತೆಂದರೆ ನಾವು ಗುಂಪಾಗಿ ಬಸ್‌ಸ್ಟ್ಯಾಂಡಿನ ಇಳಿಜಾರು ಹಿಡಿಯುತ್ತೇವೆಂದು ಇಡೀ ಊರಿಗೇ ಗೊತ್ತಿತ್ತು.

ಮೂರಕ್ಕೆ ಗಂಟೆ ಹೊಡೆಯಿತು. ನಾವೆಲ್ಲ ಲೇಡೀಸ್ ರೂಮಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ತಯಾರಾಗಿ ಕೂತೆವು. ಕೂರಲು ಜಾಗ ಸಾಲದೆ ಅರ್ಧ ಜನ ಗೋಡೆಗೊರಗಿ ನಿಂತಿದ್ದರು. ಮತಪೆಟ್ಟಿಗೆ ಇಟ್ಟಿದ್ದು ವರಾಂಡದ ಆ ತುದಿಯ ದೊಡ್ಡ ಹಾಲಿನಲ್ಲಿ. ಯಾರಾದರೂ ಬಂದು ಕರೆಯುತ್ತಾರೆ, ಅವರ ಹಿಂದೆ ಸಾಲಾಗಿ ಹೋಗಿ ಚೀಟಿ ಹಾಕಿ ಬರುವುದು ಎಂದುಕೊಂಡಿದ್ದೆವು. ಮೂರೂಕಾಲು. ವರಾಂಡದಲ್ಲಿ ಹುಡುಗರ ಬೂಟಿನ ಸದ್ದು, ಗಲಗಲ. ಮೂರೂವರೆ. ಒಬ್ಬಳು ಬಾಗಿಲಿನಿಂದ ಇಣುಕಿ, “ಹುಡುಗ್ರು ಹಾಕಿ ಹಾಕಿ ಬರ್ತಾವ್ರೆ ಕಣೇ” ಅಂದಳು. “ನಮ್ಮನ್ನ ಆಮೇಲೆ ಕರೀತಾರೇನೋ” ಅಂದಳು ಇನ್ನೊಬ್ಬಳು. ಎಲ್ಲರೂ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಆಮೇಲೆ ಎಷ್ಟೋ ವರ್ಷ ಇದನ್ನು ನೆನೆದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಯಾರೂ ನಮ್ಮನ್ನು ಕೂಡಿಹಾಕಿರಲಿಲ್ಲ. ಬಾಗಿಲು ಹಾರುಹೊಡೆದಿತ್ತು. ಅಷ್ಟು ಜನ ಓದಿದ ಹುಡುಗಿಯರು, ಮುಂದೆ ನಡೆಯಲು ಒಂದು ಬೆನ್ನು ಬರಲಿ ಎಂದು ಕಾಯುತ್ತ ಕೂತಿದ್ದೆವು.

ನಾಲ್ಕಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಪಾಳ್ಯದ ಹುಡುಗಿಯೊಬ್ಬಳು ಚೀಲ ಹೆಗಲಿಗೇರಿಸಿ, “ನಾನು ಹೋಯ್ತೀನಿ ಕಣೇ, ನಮ್ಮ ಬಸ್ಸು ಬಂದ್ಬುಡ್ತೈತೆ” ಎಂದು ಎದ್ದಳು. ಅವಳ ಹಿಂದೆ ಇನ್ನಿಬ್ಬರು ಎದ್ದರು. ಆಗ ನನಗೆ ಹೊಳೆಯಿತು. ಯಾರೂ ಬರುವುದಿಲ್ಲ. ಇದು ಮರೆವಲ್ಲ, ಲೆಕ್ಕಾಚಾರ. ನಮ್ಮ ಮರ್ಯಾದೆಯನ್ನೇ ನಮಗೆ ಬೀಗ ಮಾಡಿದ್ದರು.

“ಯಾರೂ ಕರಿಯಲ್ಲ. ನಡೀರಿ” ಅಂದೆ.

“ಯಾರ ಹಿಂದೆ?” ಎಂದು ಒಬ್ಬಳು ಕೇಳಿದಳು. ಪಾಪ, ನಿಜವಾಗಿಯೇ ಕೇಳಿದಳು.

“ನನ್ನ ಹಿಂದೆ.”

ಹೊರಗೆ ಬಂದೆ. ವರಾಂಡದ ಎರಡೂ ಬದಿಯ ಕಟ್ಟೆಯ ಮೇಲೆ ಹುಡುಗರು ಕಾಲು ಇಳಿಬಿಟ್ಟು ಕೂತಿದ್ದರು. ದಿನಾ ನಡೆಯುವ ವರಾಂಡ ಅದು. ಮುಂದೆ ಒಬ್ಬ ಮೇಷ್ಟ್ರಿಲ್ಲದೆ ನಡೆಯುವಾಗ ಎಷ್ಟು ಉದ್ದವಾಗಿಬಿಟ್ಟಿತು! ಹಿಂದೆ ಯಾರಾದರೂ ಬರುತ್ತಿದ್ದಾರೋ ಇಲ್ಲವೋ ಎಂದು ತಿರುಗಿ ನೋಡುವ ಧೈರ್ಯವಿರಲಿಲ್ಲ. ಆಮೇಲೆ ಚಪ್ಪಲಿಗಳ ಸದ್ದು ಕೇಳಿತು, ಒಂದು, ಎರಡು, ಆಮೇಲೆ ಬಹಳ. ಯಾರೋ ಶಿಳ್ಳೆ ಹಾಕಿದರು. ಇನ್ನೊಬ್ಬ, “ಮೇಷ್ಟ್ರು ಎಲ್ಲಿ ಕಳ್ದೋದ್ರು?” ಅಂದ. ಕಟ್ಟೆಯ ಕೊನೆಯಲ್ಲಿ ಅಣ್ಣ ಕೂತಿದ್ದ. ಬೈಕಿನ ಸ್ನೇಹಿತ ಅವನ ಪಕ್ಕ. ಅಣ್ಣ ನನ್ನನ್ನು ನೋಡಿ ಮುಖ ತಿರುಗಿಸಿದ.

ಹಾಲಿನಲ್ಲಿ ಚುನಾವಣೆ ನೋಡಿಕೊಳ್ಳುತ್ತಿದ್ದ ಲೆಕ್ಚರರ್ ನಮ್ಮನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ಒಳ್ಳೆಯ ಮನುಷ್ಯ, ಆದರೆ ಜೋರು ದನಿಯಲ್ಲಿ ಮಾತಾಡಿದವರ ಕಡೆ ವಾಲುವ ಮನುಷ್ಯ. ನಾವು ಸಾಲು ನಿಂತೆವು. ಒಬ್ಬೊಬ್ಬರಾಗಿ ಚೀಟಿ ಹಾಕಿದರು, ಹಾಕಿದವರು ಹಾಕಿದ ಹಾಗೇ ಬಸ್ಸಿಗೆ ಓಡಿದರು. ಕೊನೆಯವಳು ಚೀಟಿ ಹಾಕುವಾಗ ನಾಲ್ಕು ದಾಟಿ ಇಪ್ಪತ್ತು ನಿಮಿಷ ಆಗಿತ್ತು. ಈಗ ಓಡಿದರೂ ನನಗೆ ಬಸ್ಸು ಸಿಗುತ್ತಿತ್ತು. ಚೀಲ ಹೆಗಲಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಎಸ್ಟೇಟ್ ಹುಡುಗ ಬಂದು ಮೇಜಿನ ಮೇಲೆ ಕೈಯೂರಿದ. “ಸಾರ್, ಲೇಡೀಸ್‌ನ ಯಾರೂ ಕರ್ದಿಲ್ಲ. ಅವರಾಗೇ ಬಂದು ಹಾಕವ್ರೆ. ಈ ಓಟು ಲೆಕ್ಕಕ್ಕೆ ಹಿಡೀಬಾರ್ದು.”

ಲೆಕ್ಚರರ್ ನನ್ನ ಕಡೆ ನೋಡಿದರು, ಪೆಟ್ಟಿಗೆಯ ಕಡೆ ನೋಡಿದರು. “ನಿಂತಿರೋರು ಇಬ್ರೂ ಕೂತ್ಕೊಳ್ಳಿ, ಮಾತಾಡಿ ತೀರ್ಮಾನ ಮಾಡೋಣ. ಒಬ್ರು ಹೊರಟುಹೋದ್ರೆ ಆಮೇಲೆ ನನ್ನ ಕೇಳಬೇಡಿ” ಅಂದರು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಹೋದರೆ ಚೀಟಿಗಳು ಬುಟ್ಟಿಗೆ. ಉಳಿದರೆ ಕಾಲೇಜು ಇವತ್ತಿಗೆ ಮುಗಿಯಿತು. ಅಣ್ಣ ನನ್ನ ಪಕ್ಕಕ್ಕೆ ಬಂದ. ಮೂರು ವರ್ಷದಲ್ಲಿ ಕಾಲೇಜಿನೊಳಗೆ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು.

“ಹೋಗೇ. ಬಸ್ಸು ಬರ್ತೈತೆ. ಅಪ್ಪ ಹೇಳಿದ್ದು ನೆನಪೈತಾ?”

ಅದು ಬೆದರಿಕೆಯೋ ಬೇಡಿಕೆಯೋ ನನಗೆ ತಿಳಿಯಲಿಲ್ಲ. ಅವನ ಮುಖ ಕೆಂಪಾಗಿತ್ತು.

“ನೀನು ಯಾವ ಬಸ್ಸಿಗೆ ಬರ್ತೀಯ?” ಅಂದೆ.

“ಆರಕ್ಕೆ.”

“ನಾನೂ ಆರಕ್ಕೇ ಬರ್ತೀನಿ” ಎಂದು ಹೋಗಿ ಮೇಜಿನ ಎದುರು ಕೂತೆ.

ಎಸ್ಟೇಟ್ ಹುಡುಗನಿಗೆ ಕೇಳಿದೆ: “ನಿಮ್ಮನ್ನ ಯಾರು ಕರೆದ್ರು?” ಅವನು ಲೆಕ್ಚರರ್ ಮುಖ ನೋಡಿದ. “ಹೇಳಿ, ನಿಮ್ಮನ್ನ ಯಾರು ಕರೆದು ತಂದ್ರು? ನೀವಾಗೇ ಬಂದ್ರಿ. ನಾವೂ ನಾವಾಗೇ ಬಂದ್ವಿ. ಇದರಲ್ಲಿ ತಪ್ಪು ಯಾವುದು, ಸಾರ್ ಹೇಳಲಿ.” ದನಿ ಒಡೆದು ಕೀರಲಾಗಿತ್ತು, ಆದರೂ ಜೋರಾಗಿತ್ತು. ಲೆಕ್ಚರರ್ ನನ್ನ ಕಡೆ ವಾಲಿದರು. ಕಿಟಕಿಯಿಂದ ಕೆಳಗಿನ ರಸ್ತೆ ಕಾಣುತ್ತಿತ್ತು. ಪೆಟ್ಟಿಗೆಯ ಬೀಗ ತೆಗೆಯುವಾಗ ನಮ್ಮ ಬಸ್ಸು ಆ ರಸ್ತೆಯಲ್ಲಿ ಹಾದುಹೋಯಿತು.

ಸ್ವಲ್ಪ ಓಟುಗಳ ಅಂತರದಲ್ಲಿ ಗೆದ್ದೆ. ಹಾಲಿನಲ್ಲಿ ಉಳಿದಿದ್ದ ಹುಡುಗಿಯೆಂದರೆ ಊರೊಳಗೇ ಮನೆಯಿದ್ದ ಒಬ್ಬಳು. ಅವಳು ನನ್ನನ್ನು ತಬ್ಬಿಕೊಂಡು ಕುಣಿದಳು, ತನ್ನ ಮನೆಗೆ ಕರೆದೊಯ್ದಳು. ಅಲ್ಲಿ ಒಂದು ಚೊಂಬು ನೀರನ್ನು ನಿಂತ ನಿಲುವಿನಲ್ಲೇ ಕುಡಿದೆ. ಗೆದ್ದ ಖುಷಿ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಆರು ಗಂಟೆಯ ಬಸ್ಸಿನಲ್ಲಿ ನಾನು ಮುಂದೆ, ಅಣ್ಣ ಹಿಂದೆ. ತಿರುವಿನಲ್ಲಿ ಇಳಿದಾಗ ಕತ್ತಲಾಗಿತ್ತು. ಅಪ್ಪ, ದೊಡ್ಡಪ್ಪ ಇಬ್ಬರೂ ಟಾರ್ಚ್ ಹಿಡಿದು ನಿಂತಿದ್ದರು. ನಾಲ್ಕೂವರೆ ಬಸ್ಸಿಗೂ ಅಪ್ಪ ಬಂದು ಕಾದಿದ್ದರೆಂದು ಆಮೇಲೆ ಅವ್ವ ಹೇಳಿದಳು.

“ಅಣ್ಣನ ಜೊತೇಲೇ ಬಂದಿದೀನಿ” ಅಂದೆ.

“ಅವ್ನು ಗಂಡ್ಸು. ಅವ್ನು ಯಾವಾಗ ಬಂದ್ರೂ ನಡೀತೈತೆ” ಅಂದರು ದೊಡ್ಡಪ್ಪ. ಆಮೇಲೆ ಅಣ್ಣನ ಮುಖಕ್ಕೆ ಟಾರ್ಚ್ ಬಿಟ್ಟು, “ಏನಾಯ್ತ್ಲಾ ಕಾಲೇಜಿನಾಗೆ? ಇವ್ಳು ಯಾಕೆ ನಿಂತ್ಲು?” ಎಂದು ಕೇಳಿದರು.

ಒಂದು ಮಾತು ಸಾಕಿತ್ತು. ‘ಅವರು ಬೇಕಂತ ತಡಮಾಡಿದ್ರು ದೊಡ್ಡಪ್ಪ, ಇವಳದೇನೂ ತಪ್ಪಿಲ್ಲ’ ಅಂದಿದ್ದರೆ ಸಾಕಿತ್ತು. ‘ನಾನೇ ಇರು ಅಂದೆ’ ಎಂಬ ಸುಳ್ಳಾದರೂ ಸಾಕಿತ್ತು, ಗಂಡು ಹುಡುಗನ ಮಾತಿಗೆ ಅಷ್ಟು ಬೆಲೆಯಿತ್ತು. ನಾನು ಕಾದೆ. ಅವನು ನೆಲ ನೋಡಿಕೊಂಡು ನಿಂತ.

ದೊಡ್ಡಪ್ಪ ಟಾರ್ಚನ್ನು ಅಪ್ಪನ ಕಡೆ ತಿರುಗಿಸಿದರು. ಅಪ್ಪ, “ಮಾತು ಕೊಟ್ಟಾಗೈತೆ ಮಗ” ಅಂದರು. ಅಷ್ಟೇ. ನಾಲ್ಕು ಜನ ಒಬ್ಬರ ಹಿಂದೊಬ್ಬರು ಎಸ್ಟೇಟ್ ದಾರಿಯಲ್ಲಿ ನಡೆದೆವು.

ನಾನು ಮತ್ತೆ ಆ ಕಾಲೇಜಿಗೆ ಹೋಗಲಿಲ್ಲ. ಅತ್ತು ಕರೆದೆ, ಊಟ ಬಿಟ್ಟೆ, ಅವ್ವನ ಮೇಲೆ ಹಾರಾಡಿದೆ. ಅಪ್ಪ ತೋಟದಿಂದ ಕತ್ತಲಾದ ಮೇಲೆ ಬರುವುದನ್ನು ರೂಢಿ ಮಾಡಿಕೊಂಡರು, ನನ್ನ ಮುಖ ನೋಡಬಾರದೆಂದು. ಅಧ್ಯಕ್ಷೆ ಬಿಟ್ಟುಹೋದದ್ದರಿಂದ ಎಸ್ಟೇಟ್ ಹುಡುಗನೇ ಅಧ್ಯಕ್ಷನಾದ. ರಜೆ ಮುಗಿದ ಮೇಲೆ ಊರೊಳಗಿನ ಗೆಳತಿ ಒಂದು ದಿನ ಬಂದು, “ಬಾತ್‌ರೂಮಿಗೆ ಚಿಲಕ ಬಂದೈತೆ ಕಣೇ! ಒಳ್ಳೆ ಗಟ್ಟಿದು” ಅಂದಳು. ಪ್ರಿನ್ಸಿಪಾಲರು ಹಾಕಿಸಿರಬೇಕು, ಇಲ್ಲವೆ ಅವನಿಗೇ ನಾಚಿಕೆಯಾಗಿ ಹಾಕಿಸಿರಬೇಕು ಎಂದುಕೊಂಡೆ. ನಾನು ನಿಂತದ್ದು ಆ ಚಿಲಕಕ್ಕೆ. ಅದು ಬಂತು, ನಾನು ಮಾತ್ರ ಅಲ್ಲಿ ಇಲ್ಲ. ಅಣ್ಣ ದಿನಾ ಅದೇ ಬಸ್ಸಿಗೆ ಹೋಗುತ್ತಿದ್ದ. ಅವನ ಜೊತೆ ಮಾತು ಬಿಟ್ಟೆ.

ಆ ವರ್ಷ ಕೊಯ್ಲು ಶುರುವಾಗುವ ಮುಂಚೆ ಸ್ಟೋರು ಗುಡಿಸಲು ಹೋದ ಅಪ್ಪ ಕೂಗಾಡಿದ್ದು ನೆನಪಿದೆ. ಬಾಗಿಲಿಗೆ ಚಿಲಕವೇ ಇರಲಿಲ್ಲ. ಗುಜರಿಯವರ ಕೆಲಸ ಎಂದು ಬೈದು ಹೊಸದು ತಂದು ಹಾಕಿದರು. ಅಣ್ಣ ರೊಟ್ಟಿ ತಿನ್ನುತ್ತಿದ್ದವನು ತಲೆ ಎತ್ತಲಿಲ್ಲ. ನನಗೋ ನನ್ನ ಸಂಕಟವೇ ಸಾಕಾಗಿತ್ತು.

ಅಣ್ಣ ಮತ್ತೆ ಫೇಲಾಗಿ, ಕೊನೆಗೆ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆದ. ನಾನು ಅಂಚೆ ಶಿಕ್ಷಣದಲ್ಲಿ ಡಿಗ್ರಿ ಮುಗಿಸಿದೆ, ಹಠಕ್ಕೆ. ಮದುವೆಯಾಗಿ ಸಕಲೇಶಪುರಕ್ಕೇ ಬಂದೆ. ಇಬ್ಬರೂ ಮತ್ತೆ ಮಾತಾಡಿದೆವು, ಹಬ್ಬಕ್ಕೆ, ಸಾವಿಗೆ, ತೋಟದ ಸುದ್ದಿಗೆ. ಆ ಸಂಜೆಯ ವಿಷಯ ಒಬ್ಬರೂ ಎತ್ತಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಚುನಾವಣೆಯಲ್ಲಿ ನಮ್ಮ ಬೀದಿಯ ಮತಗಟ್ಟೆ ಆ ಕಾಲೇಜಿನಲ್ಲೇ ಬಂತು. ಪುಟ್ಟ ಮಗಳ ಕೈ ಹಿಡಿದುಕೊಂಡು ಹೋಗಿ ವೋಟು ಹಾಕಿದೆ. ಹೊರಗೆ ಬಂದಾಗ ಅವಳು “ಒಂದಕ್ಕೆ” ಅಂದಳು. ಕಾಲು ತಾನಾಗಿ ಆ ಕಡೆ ಹೋಯಿತು. ಅದೇ ಬಯಲು, ಅದೇ ಬಾಗಿಲು, ಬಣ್ಣ ಮಾತ್ರ ಬೇರೆ. ಒಳಗೆ ಹೋಗಿ ಬಾಗಿಲು ದೂಡಿ ಚಿಲಕಕ್ಕೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. ಬಣ್ಣದ ಮೇಲೆ ಬಣ್ಣ ಬಳಿದಿದ್ದರೂ ಬೆರಳಿಗೆ ಗೊತ್ತಾಯಿತು. ಹಿಡಿಯಿದ್ದ ಜಾಗದಲ್ಲಿ ಆರು ಮೂಲೆಯ ದೊಡ್ಡ ನಟ್ಟು. ಜೀಪಿನದು. ನನ್ನ ಸೊಟ್ಟ ಉಗುರಿನ ಬೆರಳು ಅದರ ಮೇಲಿತ್ತು.

ನಮ್ಮ ಸ್ಟೋರಿನ ಬಾಗಿಲಿನಿಂದ ಅದನ್ನು ಕಿತ್ತು, ಚೀಲದಲ್ಲಿ ಹಾಕಿಕೊಂಡು, ಅದೇ ಬಸ್ಸಿನಲ್ಲಿ ತಂದು, ಹುಡುಗಿಯರ ಬಾತ್‌ರೂಮಿನ ಬಾಗಿಲ ಮುಂದೆ ಅವನು ಮಂಡಿಯೂರಿ ಕೂತು ಸ್ಕ್ರೂ ತಿರುಗಿಸಿರಬೇಕು. ಎದುರಿಗೆ ಬಯಲಿನಲ್ಲಿ ಅವನ ಸ್ನೇಹಿತರೆಲ್ಲ ಇದ್ದಿರಬೇಕು. ಅವರು ಏನೆಂದು ರೇಗಿಸಿದರೋ. ಚಿಲಕ ಎಳೆದು, ಗೋಡೆಗೆ ಹಣೆ ಹಚ್ಚಿ ಅತ್ತೆ. ಮಗಳು ಹೆದರಿ ನನ್ನ ಸೆರಗು ಜಗ್ಗಿದಳು.

ಹೊರಗೆ ಬಂದವಳೇ ರಸ್ತೆ ಬದಿಯ ಟೆಲಿಫೋನ್ ಬೂತಿನಿಂದ ಅಣ್ಣ ಇದ್ದ ಎಸ್ಟೇಟಿನ ಆಫೀಸಿಗೆ ಫೋನು ಮಾಡಿದೆ.

“ಕಾಲೇಜಿಗೆ ಹೋಗಿದ್ದೆ ಕಣಣ್ಣ, ವೋಟು ಹಾಕೋಕೆ.”

“ಹೂಂ.”

“ನಮ್ಮ ಸ್ಟೋರಿನ ಚಿಲಕ ಇನ್ನೂ ಗಟ್ಟಿಯಾಗೈತೆ.”

“ಅದಕ್ಕೆ ಆಗಾಗ ಎಣ್ಣೆ ಹಾಕ್ಬೇಕು, ಇಲ್ದಿದ್ರೆ ಕಚ್ಕಂಬುಡ್ತೈತೆ” ಅಂದ. ಆಮೇಲೆ ಅವನೇ ಮಾತು ತೆಗೆದ. “ಅವತ್ತು ತಿರುವಿನಾಗೆ ನಂಗೆ ಬಾಯೇ ಬರ್ಲಿಲ್ಲ ಕಣೇ.”

“ಗೊತ್ತು” ಅಂದೆ. ಸಿಟ್ಟು ಹೋಗಿರಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ. ಫೋನು ಇಟ್ಟ ಮೇಲೆ ಮಗಳು ನೀರು ಬೇಕು ಅಂದಳು. ಅವಳನ್ನು ಕರೆದುಕೊಂಡು ಮತ್ತೆ ಕಾಲೇಜಿನ ಗೇಟಿನೊಳಗೆ ಹೋದೆ. ಅಲ್ಲಿಯ ನಲ್ಲಿಯಲ್ಲಿ ಅವಳಿಗೆ ಕುಡಿಸಿದೆ. ಆಮೇಲೆ ಬೊಗಸೆಯೊಡ್ಡಿ ನಾನೂ ಹೊಟ್ಟೆ ತುಂಬ ಕುಡಿದೆ.